ಮೂವತ್ತೇಳು ಆನೆ, ಒಂದು ಲಿಫ್ಟ್

"ಲ್ಯಾಟಿನ್ ಕಲಿತು ಯಾರ ಲಿಫ್ಟ್ ರಿಪೇರಿ ಮಾಡ್ತೀಯಾ, ಹೇಳು?"

ಲ್ಯಾಪ್‌ಟಾಪ್ ಮುಂದೆ ಕೂತಿದ್ದ ಅಪ್ಪ ಮೂರನೇ ಸಲ ಅದನ್ನೇ ಕೇಳಿದ. ಅವನು ಇಟಲಿಯ ಫೋರ್ಲಿ ಊರಲ್ಲಿ ಲಿಫ್ಟ್ ಮೆಕ್ಯಾನಿಕ್. ಮಗಳು ಅಂಬ್ರಾ ಎಂಟನೇ ಕ್ಲಾಸು. ಮುಂದೆ ಯಾವ ಸ್ಕೂಲು ಎಂದು ಫಾರ್ಮ್ ತುಂಬಲು ಇವತ್ತು ರಾತ್ರಿ ಎಂಟು ಗಂಟೆಯೇ ಕೊನೆ. ಅಪ್ಪನಿಗೆ ಟೆಕ್ನಿಕಲ್ ಸ್ಕೂಲೇ ಆಗಬೇಕು. ಅಂಬ್ರಾಗೆ ಲ್ಯಾಟಿನ್, ಗ್ರೀಕ್, ಚರಿತ್ರೆ ಕಲಿಸುವ ಸ್ಕೂಲು.

"ನಂಗೆ ಲಿಫ್ಟ್ ರಿಪೇರಿ ಬೇಡ ಅಪ್ಪಾ!"

"ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು!"

ಜನವರಿ ಪೂರ್ತಿ ಈ ಗಾದೆ ಕೇಳಿ ಅಂಬ್ರಾಗೆ ತಲೆ ಚಿಟ್ಟು ಹಿಡಿದಿತ್ತು. ಊಟಕ್ಕೆ ಕೂತರೂ ಅದೇ, ಹಲ್ಲುಜ್ಜುವಾಗಲೂ ಅದೇ. ದೊಡ್ಡವರು ಪ್ರಶ್ನೆ ಕೇಳುತ್ತಾರೆ, ಉತ್ತರ ಮಾತ್ರ ಅವರಿಗೆ ಬೇಡ.

ಅಷ್ಟರಲ್ಲಿ ಹೊರಗೆ ಕಿರುಚಾಟ ಕೇಳಿಸಿತು. ಇಬ್ಬರೂ ಓಡಿದರು. ಲಿಫ್ಟ್ ಎರಡನೇ ಮತ್ತು ಮೂರನೇ ಮಹಡಿಯ ನಡುವೆ ನಿಂತುಬಿಟ್ಟಿತ್ತು. ಒಳಗೆ ಐದನೇ ಮಹಡಿಯ ಯೋಲೆ ಅಜ್ಜಿ ಒಬ್ಬರೇ ಇದ್ದರು.

"ಹೆದರ್ಬೇಡಿ! ಹಗ್ಗ ಏನೂ ಕಿತ್ಕೊಂಡು ಬರಲ್ಲ!" ಅಪ್ಪ ಕೂಗಿದ.

"ಅಯ್ಯೋ! ಹಗ್ಗ ಬೇರೆ ಕಿತ್ಕೊಳ್ಳುತ್ತಾ?"

ಅಲ್ಲಿಯವರೆಗೆ ಅಜ್ಜಿಗೆ ಹಗ್ಗದ ನೆನಪೇ ಇರಲಿಲ್ಲ. ಈಗ ಬಾಗಿಲನ್ನು ದಬದಬ ಗುದ್ದತೊಡಗಿದರು.

"ಹಿಂಗೆ ಗುದ್ದಿದ್ರೆ ನಾನು ಲಿಫ್ಟ್ ಅಲ್ಲಾಡ್ಸೋ ಹಂಗಿಲ್ಲ," ಅಪ್ಪ ತಲೆ ಚಚ್ಚಿಕೊಂಡ. "ಅಂಬ್ರಾ, ಅವರನ್ನ ಸುಮ್ನಿರ್ಸು. ನಂಗೆ ಕಾಲ್ ಮಾಡಿ ಫೋನ್ ಆನ್ ಇಟ್ಕೋ. ಲಿಫ್ಟ್ ಮೂರನೇ ಮಹಡಿಗೆ ಸರಿಯಾಗಿ ಬಂದಾಗ 'ಸ್ಟಾಪ್' ಅನ್ನು."

ಅವನು ಮೇಲಿನ ಮೋಟಾರ್ ರೂಮಿಗೆ ಓಡಿದ. ಲಿಫ್ಟ್ ಏರಿಸಲು ಅಲ್ಲಿ ಚಕ್ರವನ್ನು ಕೈಯಿಂದಲೇ ತಿರುಗಿಸಬೇಕು.

ಅಂಬ್ರಾ ಮೂರನೇ ಮಹಡಿಯ ಬಾಗಿಲ ಹತ್ತಿರ ಕೂತಳು. ಏನು ಹೇಳುವುದು? ನೆನಪಿಗೆ ಬಂದದ್ದು ನಿನ್ನೆ ಓದಿದ ಪುಸ್ತಕ.

"ಅಜ್ಜೀ, ಹನ್ನಿಬಾಲ್ ಅನ್ನೋ ಸೇನಾಪತಿ ಆಲ್ಪ್ಸ್ ಬೆಟ್ಟ ದಾಟಿದ್ದು ಗೊತ್ತಾ? ಮೂವತ್ತೇಳು ಆನೆ ಕರ್ಕೊಂಡು!"

"ನಂಗಿಲ್ಲಿ ಜೀವ ಹೋಗ್ತಿದೆ, ಇವಳಿಗೆ ಆನೆ!"

"ಆನೆಗೂ ಹಂಗೇ ಆಗಿತ್ತು ಅಜ್ಜೀ. ಕಾಲಡಿ ಬರೀ ಹಿಮ. ದಾರಿ ಇಷ್ಟೇ ಅಗಲ."

ಗುದ್ದುವುದು ನಿಂತಿತು. "ಆಮೇಲೆ?"

ಲಿಫ್ಟ್ ಮೆಲ್ಲಗೆ ಏರತೊಡಗಿತು. ಅಂಬ್ರಾ ಹೇಳುತ್ತಲೇ ಹೋದಳು. ದಾರಿ ಕುಸಿದು ಆನೆಗಳೆಲ್ಲ ನಿಂತುಬಿಟ್ಟವು ಎನ್ನುವಾಗ ಲಿಫ್ಟೂ ಗಕ್ಕನೆ ನಿಂತಿತು. ಸ್ವಲ್ಪ ಹೊತ್ತಿಗೆ ಮತ್ತೆ ಹೊರಟಿತು.

"ಸ್ಟಾಪ್!"

ಅಪ್ಪ ಕೆಳಗೆ ಬಂದು ಬಾಗಿಲು ತೆಗೆದ. ಯೋಲೆ ಅಜ್ಜಿ ಹೊರಗೆ ಕಾಲಿಟ್ಟವರೇ ಕೇಳಿದರು, "ಕೊನೇಗೆ ಎಷ್ಟು ಆನೆ ಉಳಿದ್ವು?"

"ಆ ಚಳಿಗಾಲ ಕಳೆಯೋಷ್ಟರಲ್ಲಿ ಒಂದೇ."

"ಛೇ, ಪಾಪ!" ಎನ್ನುತ್ತಾ ಅಜ್ಜಿ ಮೆಟ್ಟಿಲು ಹತ್ತಿ ಹೋದರು.

ಎಂಟಕ್ಕೆ ಇನ್ನು ಹತ್ತೇ ನಿಮಿಷ. ಅಪ್ಪ ಮತ್ತೆ ಲ್ಯಾಪ್‌ಟಾಪ್ ಮುಂದೆ ಕೂತ. ಅಂಬ್ರಾಗೆ ಈಗ ಜಗಳ ಆಡುವ ಶಕ್ತಿಯೂ ಇರಲಿಲ್ಲ.

"ಅಪ್ಪಾ, ಮೇಲೆ ಬರ್ತಾ ಲಿಫ್ಟ್ ಮಧ್ಯೆ ಯಾಕೆ ನಿಂತಿದ್ದು? ಚಕ್ರ ಸಿಕ್ಕಾಕ್ಕೊಂಡಿತಾ?"

ಅಪ್ಪ ಕೆಮ್ಮಿದ. "ಫೋನಲ್ಲಿ ಕೇಳಿಸ್ತಿತ್ತು. ದಾರಿ ಕುಸಿದಿತ್ತಲ್ಲ... ಆಮೇಲೆ ಆನೆ ಹೆಂಗೆ ದಾಟಿದ್ವು? ಮತ್ತೆ ತಿರುಗಿಸಿದ್ಮೇಲೆ ಚಕ್ರದ ಸದ್ದಲ್ಲಿ ಅದೊಂದು ಕೇಳಿಸ್ಲಿಲ್ಲ."

"ಮೂರು ದಿನ ಕಷ್ಟಪಟ್ಟು ದಾರಿ ಸರಿಮಾಡಿದ್ರು."

"ಹಾಗಾದ್ರೆ ಅವರತ್ರಾನೂ ಮೆಕ್ಯಾನಿಕ್ ಇದ್ರು ಅನ್ನು!"

ಅಂಬ್ರಾ ಅಪ್ಪನ ಕೈಗಳನ್ನೇ ನೋಡುತ್ತಾ ನಿಂತಳು. ಲಿಫ್ಟ್ ಏರಿಸಿದ್ದು ಆ ಕೈಗಳು. ಆನೆಗಳಿಗಾಗಿ ನಿಂತದ್ದೂ ಅವೇ.

ಅಪ್ಪ ಲ್ಯಾಪ್‌ಟಾಪನ್ನು ಅವಳ ಕಡೆ ತಿರುಗಿಸಿದ.

"ಯಾವ ಸ್ಕೂಲು ಅಂತ ನೀನೇ ಒತ್ತು. ನನ್ನ ಕೈಯೆಲ್ಲ ಗ್ರೀಸು."