ಟ್ರಾನ್ಸ್‌ಫಾರ್ಮರಿಗೆ ಹೇಳಿದ ಹೆಸರು

"ಇದನ್ನ ಎಲ್ಲಿಂದ ತಂದ್ರೋ ಅಲ್ಲೇ ಇಟ್ಟು ಬನ್ನಿ," ಎಂದಳು ಮೋಟರುಗಳಿಗೆ ತಾಮ್ರದ ತಂತಿಯ ಕಾಯಿಲ್ ಸುತ್ತುವ ಮುದುಕಿ. ಮುಟ್ಟಿಯೂ ನೋಡಲಿಲ್ಲ.

ವಿದ್ಯುತ್ ಮೀಟರ್ ಪರೀಕ್ಷಕ ನಕ್ಕ. ವರ್ಗವಾಗಿ ಆ ಊರಿಗೆ ಬಂದು ತಿಂಗಳಾಗಿತ್ತಷ್ಟೆ. ಅಕ್ಕನ ಮನೆಯ ಮಹಡಿಯಲ್ಲಿ ಹವ್ಯಾಸಕ್ಕೆಂದು ಕೈಯಾರೆ ರೇಡಿಯೋ ಟ್ರಾನ್ಸ್‌ಮಿಟರ್ ಕಟ್ಟುತ್ತಿದ್ದ. ಆಡಿದ ಮಾತನ್ನು ರೇಡಿಯೋ ಅಲೆಯ ಮೇಲೇರಿಸಲು ಅದಕ್ಕೊಂದು ಮಾಡ್ಯುಲೇಶನ್ ಟ್ರಾನ್ಸ್‌ಫಾರ್ಮರ್ ಬೇಕಿತ್ತು. ಮುಚ್ಚಿಹೋದ ಬಾನುಲಿ ಕೇಂದ್ರದ ಗುಜರಿಯಲ್ಲಿ ಸಿಕ್ಕಿದ್ದು ಇದು: ಡಾಂಬರು ನಾರುವ, ಎತ್ತಿದರೆ ಸೊಂಟ ಹಿಡಿಯುವ ಕಪ್ಪು ಕಬ್ಬಿಣದ ಗಡ್ಡೆ. ಒಳಗಿನ ತಂತಿ ಸರಿಯಿದೆಯೇ ಎಂದು ತೋರಿಸಲು ತಂದಿದ್ದ.

"ಸುತ್ತಿದ್ದು ನಮ್ಮ ಮಾವನೇ," ಎಂದಳು ಮುದುಕಿ. " ಆ ಕೇಂದ್ರದಲ್ಲಿ ಹಾಡ್ತಿದ್ದ ಒಬ್ಬಳು ಅವರನ್ನ ಒಲ್ಲೆ ಅಂದ್ಲು. ಮಾಟ ಮಾಡಿ, ಅವಳ ಕೂದಲನ್ನೂ ತಂತಿ ಜೊತೆ ಸುತ್ತಿಬಿಟ್ರು. ಇದರ ಮೂಲಕ ಯಾರ ಹೆಸರು ಹೋಗುತ್ತೋ ಅವರ ದನಿ ಇದರೊಳಗೆ ಸೇರಿಕೊಳ್ಳುತ್ತೆ."

"ಕೂದಲೂ ಒಳ್ಳೆ ಇನ್ಸುಲೇಶನ್ನೇ ಬಿಡಿ ಅಜ್ಜಿ," ಎಂದು ಗಡ್ಡೆಯನ್ನು ಹೆಗಲಿಗೇರಿಸಿಕೊಂಡು ಹೊರಟ.

ಭಾನುವಾರ ಮಧ್ಯಾಹ್ನ ಜೋಡಿಸಿ ಮುಗಿಸಿದ. ಗಾಜಿನ ವಾಲ್ವುಗಳು ಕೆಂಡದಂತೆ ಹೊಳೆದವು. ಕಾದ ಧೂಳಿನ ವಾಸನೆ ಎದ್ದಿತು. ಮೈಕಿನಲ್ಲಿ ಹಲೋ ಎಂದರೆ ಕಬ್ಬಿಣವೂ ಸಣ್ಣಗೆ ಹಲೋ ಎಂದಿತು. ಹಳೆಯ ಟ್ರಾನ್ಸ್‌ಫಾರ್ಮರುಗಳ ತಗಡು ಹಾಗೆ ಅದುರುವುದು ಅವನಿಗೆ ಗೊತ್ತಿದ್ದದ್ದೇ. ಆಗ ಮುದುಕಿಯ ಮಾತು ನೆನಪಾಗಿ, ಪರೀಕ್ಷಿಸಿಯೇ ಬಿಡೋಣ ಎನ್ನಿಸಿತು. ತನ್ನ ಹೆಸರು ಹೇಳಬಹುದಿತ್ತು. ನಾಲಿಗೆಯ ತುದಿಗೂ ಬಂದಿತ್ತು. ನುಂಗಿಕೊಂಡ. ಅಕ್ಕನ ಹೆಸರು ಹೇಳಿದ.

ಕೆಳಗೆ ಅಡುಗೆಮನೆಯಲ್ಲಿ ಅಕ್ಕ ಗುನುಗುತ್ತಿದ್ದ ಹಾಡು ನಡುವೆಯೇ ನಿಂತಿತು.

ಬಸ್ ನಿಲ್ದಾಣದಲ್ಲಿ ಬಸ್ಸುಗಳ ಹೊತ್ತು ಹೇಳುವ ಕೆಲಸ ಅವಳದು. ಅಮ್ಮ ಹೋದ ಮೇಲೆ ಆ ಗಂಟಲಿನಿಂದಲೇ ದುಡಿದು ತಮ್ಮನನ್ನು ಓದಿಸಿದ್ದಳು. ದನಿಯೇ ಹೊರಡುತ್ತಿಲ್ಲವೆಂದು ಹೋದರೆ ಡಾಕ್ಟರು ಬಾಯಿಗೆ ಟಾರ್ಚು ಬಿಟ್ಟು ನೋಡಿ, ಗಂಟಲು ಸರಿಯಾಗಿಯೇ ಇದೆ ಎಂದರು. ನಾಲ್ಕು ದಿನ ಕಾದು ನಿಲ್ದಾಣದವರು ಆ ಕುರ್ಚಿಯಲ್ಲಿ ಬೇರೊಬ್ಬಳನ್ನು ಕೂರಿಸಿದರು.

ಅವನು ಕಳ್ಳನಂತೆ ಮುದುಕಿಯ ಹತ್ತಿರ ಹೋದ.

"ಒಡೆದು ಹಾಕಿದ್ರೆ?"

"ಒಳಗಿರೋದು ಒಳಗೇ ಸಾಯುತ್ತೆ."

"ಮತ್ತೇನು ದಾರಿ?"

"ಹೇಳಿದೋರು ತಮ್ಮ ಹೆಸರು ಹೇಳಬೇಕು. ಅವಳದನ್ನ ಬಿಟ್ಟು ನಿಮ್ಮದನ್ನ ಹಿಡಿಯುತ್ತೆ."

ನಾಳೆ ಹೇಳುತ್ತೇನೆ ಎಂದುಕೊಂಡು ಮನೆಗೆ ಬಂದ. ಮರುದಿನವೂ ನಾಳೆ ಎಂದುಕೊಂಡ. ಅಷ್ಟರಲ್ಲಿ ದೂರದೂರದ ರೇಡಿಯೋ ಗೆಳೆಯರು ಹೊಗಳತೊಡಗಿದ್ದರು: ನಿಮ್ಮ ದನಿಯಲ್ಲಿ ಅದೇನೋ ಇಂಪು ಬಂದಿದೆಯಲ್ಲ. ಅವನಿಗೆ ಒಳಗೊಳಗೇ ಖುಷಿಯಾಯಿತು. ಖುಷಿಯಾದದ್ದಕ್ಕೆ ನಾಚಿಕೆಯೂ ಆಯಿತು. ಕೆಳಗೆ ಅಕ್ಕ ಸನ್ನೆಯಲ್ಲಿ ಊಟಕ್ಕೆ ಕರೆದಾಗ ತಟ್ಟೆ ನೋಡಿಕೊಂಡೇ ಉಂಡು, ಮತ್ತೆ ಮಹಡಿ ಹತ್ತಿ ಸ್ವಿಚ್ಚು ಒತ್ತಿದ.

ಅಕ್ಕನ ಹೆಸರು ಹೇಳಿ ಎರಡು ವಾರ ಕಳೆದು ಮತ್ತೆ ಭಾನುವಾರ. ಮೈಕ್ ಆರಿಸಿ ಸುಮ್ಮನೆ ಕೂತಿದ್ದ. ಕಬ್ಬಿಣ ಗುನುಗತೊಡಗಿತು. ಅದೇ ಹಾಡು. ನಿಂತಲ್ಲಿಂದ ಮುಂದಕ್ಕೆ. ಕೂದಲು ಸುಟ್ಟ ವಾಸನೆ. ಬಳಿಕ ಮೆಲ್ಲಗೆ, "ಪುಟ್ಟಾ, ಊಟ ಆಯ್ತೇನೋ?"

ಹಿಂದೆ ಲೋಟ ಬಿದ್ದು ಉರುಳಿತು. ತಿರುಗಿದ. ಬಾಗಿಲಲ್ಲಿ ಅಕ್ಕ. ಅವಳ ಕಣ್ಣು ಕಬ್ಬಿಣದ ಮೇಲೆ. ಆಮೇಲೆ ಅವನ ಮೇಲೆ. ಬಾಯಿ ತೆರೆದಳು. ಬರೀ ಉಸಿರು ಬಂತು.

ಮಾತು ಕಬ್ಬಿಣದಿಂದ ಬಂತು. "ಪುಟ್ಟಾ, ಇದೇನೋ?"

ಮೈಕ್ ಬಾಚಿ ಹಿಡಿದ. ಸ್ವಿಚ್ಚು ಒತ್ತಿದ. ತನ್ನ ಹೆಸರು ಹೇಳಿದ. ಗಂಟಲಿನಾಳದಿಂದ ಯಾರೋ ತಂತಿಯನ್ನು ಸರ್ರನೆ ಎಳೆದಂತಾಯಿತು. ವಾಲ್ವುಗಳು ಆರಿದವು.

ಅಕ್ಕ ಗೋಡೆ ಹಿಡಿದು ಕೆಮ್ಮಿದಳು. ಎರಡು ಸಲ ನುಂಗಿದಳು. ಆಮೇಲೆ ತನ್ನದೇ ದನಿಯಲ್ಲಿ, ತೀರಾ ನಿಧಾನವಾಗಿ ಕೇಳಿದಳು:

"ನಿನಗೆ ಎಷ್ಟು ದಿನದಿಂದ ಗೊತ್ತಿತ್ತು?"

ಬಾಯಿ ತೆರೆದ. ಏನೂ ಹೊರಡಲಿಲ್ಲ. ಒಂದು ಬೆರಳು ತೋರಿಸಿದ್ದರೂ ಅವಳು ನಂಬುತ್ತಿದ್ದಳು. ಎರಡೂ ಕೈ ಎತ್ತಿ ಹತ್ತು ಬೆರಳು ಬಿಡಿಸಿದ. ಅಷ್ಟೇ ಇರಬೇಕೆಂದು ಅವಳು ಮೆಟ್ಟಿಲ ಕಡೆ ತಿರುಗುತ್ತಿದ್ದಂತೆ, ಅವಳ ಸೆರಗು ಹಿಡಿದು ನಿಲ್ಲಿಸಿದ. ಇನ್ನೂ ನಾಲ್ಕು ಬೆರಳು ತೋರಿಸಿದ.