ಬಾಗಿಲ ಹಿಂದಿನ ಬೆಕ್ಕುಗಳು

ಮಾರ್ಚ್ ಹನ್ನೊಂದು, ಮಂಗಳವಾರ, ಬೆಳಿಗ್ಗೆ ಹತ್ತು ಇಪ್ಪತ್ತು. ಇಸ್ತ್ರಿ ಅಂಗಡಿಯಲ್ಲಿ ದುಡಿಯುವ ಹೆಂಗಸೊಬ್ಬಳು ಠಾಣೆಯ ಮೆಟ್ಟಿಲೇರಿ ಬಂದು, ಬರವಣಿಗೆ ನೋಡಿಕೊಳ್ಳುವ ಮಹಿಳಾ ಹೆಡ್ ಕಾನ್‌ಸ್ಟೆಬಲ್ ಎದುರು ಕೂತಳು. ಠಾಣೆಯಲ್ಲಿ ಎಲ್ಲರ ಬಾಯಲ್ಲೂ ಅವಳು ರೈಟರಕ್ಕ.

"ನನ್ನ ಮಗಳಿಗೆ ಹನ್ನೆರಡು ವರ್ಷ. ಬುದ್ಧಿ ಇನ್ನೂ ನಾಲ್ಕೈದು ವರ್ಷದ್ದು. ಮಾತು ಬಂದಿದ್ದೂ ಈಚೆಗೆ. ಅಂಥಾ ಮಕ್ಕಳ ಕೇಂದ್ರಕ್ಕೆ ದಿನಾ ಕಳಿಸ್ತೀನಿ," ಎಂದ ಹೆಂಗಸು ದನಿ ತಗ್ಗಿಸಿದಳು. "ನಿನ್ನೆ ಅವಳ ಮಾತಿಂದ ಗೊತ್ತಾಯ್ತು, ಅಲ್ಲಿ ಯಾರೋ ಮಾಡಬಾರದ್ದು ಮಾಡಿದಾರೆ, ಅಕ್ಕಾ."

ಹನ್ನೊಂದು ಗಂಟೆಗೆ ಎಫ್‌ಐಆರ್ ದಾಖಲಾಯಿತು. ತಾಯಿ ಹೊರಟಾಗ ರೈಟರಕ್ಕ ಹೇಳಿದ್ದು ಒಂದೇ ಮಾತು: "ಮಗೂನ ಕೆದಕಿ ಕೆದಕಿ ಕೇಳಬೇಡಿ. ನಾನೇ ಬರ್ತೀನಿ."

ಹಾಗೆ ಹೇಳಲು ಕಾರಣವಿತ್ತು. ಎರಡು ವರ್ಷದ ಹಿಂದೆ ಇಂಥದ್ದೇ ಪ್ರಕರಣದಲ್ಲಿ, ಏಳು ವರ್ಷದ ಮಗುವಿನ ಹೇಳಿಕೆಯಲ್ಲಿ ಅವಳು "ಆರೋಪಿಯು ದುರುದ್ದೇಶದಿಂದ" ಎಂದು ಬರೆದಿದ್ದಳು. ಕೋರ್ಟಿನಲ್ಲಿ ವಕೀಲ ಮಗುವನ್ನು ಕೇಳಿದ, "ದುರುದ್ದೇಶ ಅಂದ್ರೇನು ಪುಟ್ಟಾ?" ಮಗು ಮಿಕಮಿಕ ನೋಡಿತು. ಹೇಳಿಕೆ ಮಗುವಿನದಲ್ಲ, ಪೊಲೀಸರದು ಎಂದಾಯಿತು. ಆರೋಪಿ ನಗುತ್ತ ಮನೆಗೆ ಹೋದ. ಅಂದಿನಿಂದ ಆ ಪದ ಕಂಡರೆ ರೈಟರಕ್ಕನಿಗೆ ಮೈ ಉರಿಯುತ್ತಿತ್ತು.

ಸಂಜೆ ನಾಲ್ಕಕ್ಕೆ ಅವಳು ಸಮವಸ್ತ್ರ ಬಿಟ್ಟು ಸಾದಾ ಬಟ್ಟೆಯಲ್ಲಿ ಹುಡುಗಿಯ ಮನೆಗೆ ಹೋದಳು. ಜೊತೆಗೆ ಹುಡುಗಿಗೆ ಮಾತು ಕಲಿಸುವ ಟೀಚರ್ ಇದ್ದಳು. ಹುಡುಗಿ ಇಸ್ತ್ರಿ ಬಟ್ಟೆಯ ಗಂಟಿನ ಮೇಲೆ ಕೂತು ಕಾಲು ಅಲ್ಲಾಡಿಸುತ್ತಿದ್ದಳು.

"ಯಾರು?"

"ಮಾಮ."

"ಎಲ್ಲಿ?"

"ಚುಸ್ ಮನೆ. ಬೇಡ ಅಂದೆ. ಬೇಡ ಅಂದೆ."

"ಅಲ್ಲಿ ಇನ್ನೇನಿತ್ತು?"

"ಬೆಕ್ಕು." ಮೂರು ಬೆರಳು ತೋರಿಸಿದಳು.

"ಬೆಕ್ಕು ಏನು ಮಾಡ್ತಿತ್ತು?"

"ಏನಿಲ್ಲ. ಚಿತ್ರ ಅದು." ಇಷ್ಟೂ ತಿಳಿಯದೇ ಎಂಬಂತೆ ಅವಳು ರೈಟರಕ್ಕನನ್ನು ನೋಡಿದಳು.

ಹೇಳಿಕೆ ಓದಿದ ಇನ್ಸ್‌ಪೆಕ್ಟರ್ ಹುಬ್ಬು ಗಂಟಿಕ್ಕಿದರು. "ಚುಸ್ ಮನೆ ಅಂದ್ರೆ ಬಚ್ಚಲು ಇರಬೇಕು. ಹಾಗೇ ಬರೀರಿ."

"ಅವಳು ಬಚ್ಚಲು ಅಂದಿಲ್ಲ ಸರ್."

"ನಿಮ್ಮ ಕೈಲಿ ಒಂದಕ್ಷರ ತಿದ್ದಿಸೋದೂ ಒಂದೇ, ಗೋಡೆಗೆ ತಲೆ ಚಚ್ಚಿಕೊಳ್ಳೋದೂ ಒಂದೇ," ಎಂದು ಗೊಣಗಿ ಅವರು ಸಹಿ ಹಾಕಿದರು.

ವೈದ್ಯರ ವರದಿ ಬುಧವಾರ ಬಂತು. ಘಟನೆ ನಡೆದು ವಾರಗಳೇ ಕಳೆದಿದ್ದರಿಂದ ಮೈಮೇಲೆ ಗುರುತಿರಲಿಲ್ಲ. ಗುರುತಿಲ್ಲವೆಂದ ಮಾತ್ರಕ್ಕೆ ಏನೂ ನಡೆದಿಲ್ಲ ಎನ್ನಲಾಗದು ಎಂದೂ ವೈದ್ಯೆ ಬರೆದಿದ್ದರು.

ಗುರುವಾರ ಮಧ್ಯಾಹ್ನ ಎರಡಕ್ಕೆ, ಇಬ್ಬರು ಪಂಚರ ಸಮಕ್ಷಮ ಕೇಂದ್ರದ ಪಂಚನಾಮೆ ಶುರುವಾಯಿತು. ಅಲ್ಲಿ ಮಕ್ಕಳು ಮಾಮ ಎನ್ನುತ್ತಿದ್ದ ಗಂಡಸರು ನಾಲ್ವರು: ಚಾಲಕ, ಅಡುಗೆಯವನು, ತೋಟದವನು, ಗಾಲಿಕುರ್ಚಿ ರಿಪೇರಿಯವನು. ಹನ್ನೊಂದು ಕೋಣೆ ನೋಡಿದರೂ ಬೆಕ್ಕಿನ ಸುಳಿವಿಲ್ಲ. ಹನ್ನೆರಡನೆಯದು ರಿಪೇರಿ ಕೋಣೆ. ಮೂಲೆಯಲ್ಲಿ ಟೈರಿಗೆ ಗಾಳಿ ತುಂಬುವ ಯಂತ್ರ. ಕಾನ್‌ಸ್ಟೆಬಲ್ ಅದರ ತಿರುಪು ತಿರುಗಿಸಿದ.

ಚುಸ್ಸ್!

ಎಲ್ಲರೂ ಮುಖ ಮುಖ ನೋಡಿಕೊಂಡರು. ಆದರೆ ನಾಲ್ಕು ಗೋಡೆಯೂ ಬೋಳು. ಇನ್ಸ್‌ಪೆಕ್ಟರ್ ಹೊರಗೆ ಕಾಲಿಟ್ಟಾಗ ರೈಟರಕ್ಕ ಒಳಗೇ ಉಳಿದು ಬಾಗಿಲು ಮುಚ್ಚಿದಳು. ಬಾಗಿಲ ಹಿಂಬದಿಯಲ್ಲಿ ಹಳೆಯ ಕ್ಯಾಲೆಂಡರಿನಿಂದ ಹರಿದು ಅಂಟಿಸಿದ ಚಿತ್ರ, ಬುಟ್ಟಿಯೊಳಗೆ ಮೂರು ಬೆಕ್ಕಿನ ಮರಿ. ಅದರ ಕೆಳಗೆ, ಗ್ರೀಸಿನ ಮಸಿಯಲ್ಲಿ ಮೂಡಿದ ಪುಟ್ಟ ಅಂಗೈ ಗುರುತು. ಬಾಗಿಲು ತಳ್ಳಲು ನೋಡಿದ ಕೈ ಅದು. ಅವಳು ಛಾಯಾಗ್ರಾಹಕನನ್ನು ಕರೆದಳು.

ರಿಪೇರಿಯವನಿಗೆ ನಲವತ್ತೈದರ ಆಸುಪಾಸು. ಕೇಂದ್ರದಲ್ಲಿ ಹದಿನಾಲ್ಕು ವರ್ಷದ ಸೇವೆ. ಬೆಣ್ಣೆಯಂಥ ಮಾತು.

"ಆ ಹುಡುಗಿ ನಿನ್ನ ಕೋಣೆಗೆ ಬಂದಿದ್ದಳಾ?" ಇನ್ಸ್‌ಪೆಕ್ಟರ್ ಕೇಳಿದರು.

"ಒಳಗೆ ಬಂದೇ ಇಲ್ಲ ಸ್ವಾಮಿ."

"ಬೆಕ್ಕಿನ ಚಿತ್ರ ಎಲ್ಲಿ ನೋಡಿದಳು?"

"ಬಾಗಿಲಲ್ಲಿ ನಿಂತು ನೋಡಿರಬೇಕು."

"ಬಾಗಿಲು ತೆರೆದಿದ್ದರೆ ಚಿತ್ರ ಗೋಡೆ ಕಡೆ ತಿರುಗಿರುತ್ತೆ. ಒಳಗೆ ನಿಂತು ಮುಚ್ಚಿದರೇನೇ ಕಾಣೋದು."

ಅವನು ನೀರು ಕೇಳಿದ. ಸಂಜೆ ಐದು ಐವತ್ತಕ್ಕೆ ಬಂಧನವಾಯಿತು. ಅಂಗೈ ಗುರುತು ಹುಡುಗಿಯದೇ ಎಂದು ಪ್ರಯೋಗಾಲಯ ಏಪ್ರಿಲ್‌ನಲ್ಲಿ ವರದಿ ಕೊಟ್ಟಿತು.

ವಿಚಾರಣೆ ನಡೆದದ್ದು ಹದಿನಾಲ್ಕು ತಿಂಗಳ ನಂತರ, ಒಂದು ಸಣ್ಣ ಕೋಣೆಯಲ್ಲಿ. ನ್ಯಾಯಾಧೀಶೆ ಕರಿ ಕೋಟು ತೆಗೆದಿಟ್ಟು ಹುಡುಗಿಯ ಪಕ್ಕದ ಕುರ್ಚಿಯಲ್ಲೇ ಕೂತರು. ಆರೋಪಿ ಪರದೆಯ ಆಚೆಗಿದ್ದ. ಸಾಕ್ಷಿ ಹೇಳುವ ಶಕ್ತಿ ಅವಳಿಗಿದೆಯೇ ಎಂಬುದು ಮೊದಲು ತೀರ್ಮಾನವಾಗಬೇಕಿತ್ತು.

"ನಿಜ ಅಂದ್ರೇನಮ್ಮಾ?"

"ಆಗಿದ್ದು."

"ಸುಳ್ಳು?"

"ಆಗದೇ ಇದ್ದಿದ್ದು."

ನ್ಯಾಯಾಧೀಶೆ ಅದನ್ನು ಬರೆದುಕೊಂಡರು. ಆರೋಪಿಯ ವಕೀಲ ಮೆಲ್ಲಗೆ ಕೇಳಿದ, "ಇದೆಲ್ಲ ಅಮ್ಮ ಹೇಳಿಕೊಟ್ಟಿದ್ದು ಅಲ್ವಾ?"

"ಅಮ್ಮಂಗೆ ಗೊತ್ತಿಲ್ಲ," ಎಂದಳು ಹುಡುಗಿ. "ಅಮ್ಮ ಅಲ್ಲಿರಲಿಲ್ಲ."

ರೈಟರಕ್ಕನ ಸರದಿ ಬಂದಾಗ ವಕೀಲ ಹೇಳಿಕೆಯನ್ನು ಎತ್ತಿ ತೋರಿಸಿದ. "ಚುಸ್ ಮನೆ. ಈ ಪದ ಯಾವ ನಿಘಂಟಿನಲ್ಲಿದೆ?"

"ಯಾವುದರಲ್ಲೂ ಇಲ್ಲ ಸ್ವಾಮಿ. ಯಾರಾದ್ರೂ ಹೇಳಿಕೊಟ್ಟಿದ್ದರೆ ನಿಘಂಟಿನಲ್ಲಿರೋ ಪದಾನೇ ಹೇಳಿಕೊಡ್ತಿದ್ದರು."

ವಕೀಲ ಕೂತುಬಿಟ್ಟ.

ಜೂನ್ ಹತ್ತೊಂಬತ್ತರಂದು ತೀರ್ಪು ಬಂತು. ಮಾತು ಕಡಿಮೆಯಿದ್ದ ಮಾತ್ರಕ್ಕೆ ಸಾಕ್ಷ್ಯ ಕಡಿಮೆಯಾಗದು. ಹುಡುಗಿಯ ಮಾತಿಗೆ ಬಾಗಿಲೂ ಅಂಗೈ ಗುರುತೂ ಒತ್ತಾಸೆಯಾಗಿವೆ ಎಂದಿತು ನ್ಯಾಯಾಲಯ. ಹದಿನಾಲ್ಕು ವರ್ಷ ಕಪ್ಪುಚುಕ್ಕೆಯಿಲ್ಲದೆ ದುಡಿದವನು, ಶಿಕ್ಷೆ ತಗ್ಗಿಸಿ ಎಂದು ವಕೀಲ ಬೇಡಿದ. ನ್ಯಾಯಾಧೀಶೆ ಒಪ್ಪಲಿಲ್ಲ. ಆ ಹದಿನಾಲ್ಕು ವರ್ಷದ ನಂಬಿಕೆಯಿಂದಲೇ ಮಗು ಅವನ ಕೈಗೆ ಸಿಕ್ಕಿದ್ದು. ಬೇಲಿಯೇ ಹೊಲ ಮೇಯ್ದದ್ದು ಅಪರಾಧದ ತೂಕ ಹೆಚ್ಚಿಸುತ್ತದೆ ಎಂದರು. ಇಪ್ಪತ್ತು ವರ್ಷ ಸಜೆ.

ಸೆರೆಮನೆಗೆ ಕರೆದೊಯ್ಯುವ ವ್ಯಾನಿಗೆ ಹತ್ತಿಸುವ ಮುನ್ನ ರೈಟರಕ್ಕ ಕಾಗದಕ್ಕೆ ಅವನ ಸಹಿ ಪಡೆದಳು. ಅವನ ಮುಖದಲ್ಲಿ ಪಶ್ಚಾತ್ತಾಪವಿರಲಿಲ್ಲ. ಲೆಕ್ಕ ತಪ್ಪಿದವನ ಬೇಸರವಿತ್ತು, ಅಷ್ಟೆ.

"ಮಾತಾಡೋ ಮಕ್ಕಳ ತಂಟೆಗೆ ನಾನು ಹೋದೋನೇ ಅಲ್ಲ," ಎಂದ. "ಇವಳು ಈ ನಡುವೆ ಮಾತು ಕಲಿತಿದ್ದು ನಂಗೆ ಗೊತ್ತಾಗಲಿಲ್ಲ."

ರೈಟರಕ್ಕ ಆ ಎರಡು ವಾಕ್ಯಗಳನ್ನು ಒಂದಕ್ಷರ ಬದಲಿಸದೆ ಬರೆದುಕೊಂಡು, ಇನ್ಸ್‌ಪೆಕ್ಟರ್ ಮುಂದಿಟ್ಟಳು. ಅವರು ಎರಡು ಸಲ ಓದಿ, ಕೇಂದ್ರದ ಹಾಜರಿ ಪುಸ್ತಕಗಳನ್ನು ತರಿಸಿದರು. ಹದಿನಾಲ್ಕು ವರ್ಷದಲ್ಲಿ ಅಲ್ಲಿಗೆ ಬಂದುಹೋದ, ಮಾತೇ ಬಾರದ ಮಕ್ಕಳು ಮೂವತ್ತೊಂದು ಮಂದಿ.

ಮರುದಿನ ಬೆಳಿಗ್ಗೆ ಎಂಟೂ ಕಾಲಿಗೆ ರೈಟರಕ್ಕ ಸಾದಾ ಬಟ್ಟೆಯಲ್ಲಿ, ಟೀಚರಮ್ಮನನ್ನು ಜೊತೆಗೆ ಕರೆದುಕೊಂಡು, ಪಟ್ಟಿಯ ಮೊದಲ ಮನೆಯ ಬಾಗಿಲು ತಟ್ಟಿದಳು.