ಹುಣಸೆಕಟ್ಟೆ ಗೇಟಿನ ಹತ್ತನೆಯವನು

ಮುಂದಿನ ತಿಂಗಳಿಂದ ಶೃತಿಯ ಸಾವು ಲೆಕ್ಕಕ್ಕೆ ಬರುವುದಿಲ್ಲ ಎಂಬ ಮಾತನ್ನು ನಾಗಲಿಂಗಯ್ಯ ಕಡಲೆಕಾಯಿ ಸುಲಿಯುತ್ತ ಹೇಳಿದ. ಹೇಳಬಾರದಿತ್ತೆಂದು ಆ ಕ್ಷಣವೇ ಅನ್ನಿಸಿರಬೇಕು, ಸುಲಿದ ಕಾಳನ್ನು ಬಾಯಿಗೆ ಹಾಕಿಕೊಳ್ಳದೆ ಅಂಗೈಯಲ್ಲೇ ಹಿಡಿದು ನಿಂತ.

ಅವನು ಹೆದ್ದಾರಿ ಗಸ್ತಿನ ಎಎಸ್‌ಐ. ಶಿರಾ ಸುತ್ತಿನ ರಸ್ತೆಯಲ್ಲಿ ತಿಂಗಳಿಗೆ ಎಷ್ಟು ಅಪಘಾತ, ಎಷ್ಟು ಸಾವು, ಹೆಲ್ಮೆಟ್ ಇಲ್ಲದವರಿಗೆ ಎಷ್ಟು ದಂಡ, ಎಲ್ಲವನ್ನೂ ಕೂಡಿಸಿ ಮೇಲಕ್ಕೆ ಕಳಿಸುವುದು ಅವನ ಪಾಲಿನ ಕೆಲಸ. ಗೌಡಗೆರೆ ಹೋಬಳಿಯ ಹುಣಸೆಕಟ್ಟೆ ಗೇಟಿಗೆ ಬಂದಾಗಲೆಲ್ಲ ಗಂಗಯ್ಯನ ತಳ್ಳುಗಾಡಿಯ ಮುಂದೆ ಜೀಪು ನಿಲ್ಲಿಸುತ್ತಿದ್ದ. ಊರು ರಸ್ತೆಯ ಈಚೆಗಿತ್ತು. ಶಾಲೆಯೂ ಕುಡಿಯುವ ನೀರಿನ ಘಟಕವೂ ಆಚೆಗಿದ್ದವು. ನಡುವೆ ಲಾರಿ, ಬಸ್ಸು, ಕಾರುಗಳು ಹಗಲಿರುಳೂ ಹರಿಯುತ್ತಿದ್ದವು. ಗಂಗಯ್ಯನ ಮೊಮ್ಮಗಳು ಶೃತಿ ಪುಸ್ತಕದ ಚೀಲ ಹೊತ್ತು ದಾಟುವಾಗ ಅಲ್ಲೇ ಹೋದಳು. ಅಂದಿನಿಂದ ಗಂಗಯ್ಯ ಗೇಟಿನಲ್ಲಿ ಬೇಯಿಸಿದ ಕಡಲೆಕಾಯಿ ಮಾರಲು ಶುರು ಮಾಡಿದ. ಕಡಲೆಕಾಯಿ ನೆಪ. ಶಾಲೆಯ ಹೊತ್ತಿಗೆ ಕೋಲಿಗೆ ಕೆಂಪು ಟವೆಲ್ಲು ಕಟ್ಟಿಕೊಂಡು ರಸ್ತೆಯ ನಡುವೆ ನಿಂತು ಮಕ್ಕಳನ್ನು ದಾಟಿಸುವುದೇ ಅವನ ಕಸುಬು.

"ಲೆಕ್ಕಕ್ಕೆ ಬರಲ್ಲ ಅಂದ್ರೆ ಏನ್ ಸಾ?" ಗಂಗಯ್ಯನ ಹೆಂಡತಿ ಈಶ್ವರಮ್ಮ ಕೇಳಿದಳು.

"ಮೂರು ವರ್ಷದೊಳಗೆ ಹತ್ತು ಜೀವ ಹೋಗಿದ್ರೆ ಅದನ್ನ ಅಪಾಯದ ಜಾಗ ಅಂತ ಸೇರಿಸ್ಕಂತಾರೆ ಕಣಮ್ಮ. ಆಗ ಅಂಡರ್‌ಪಾಸು ಮಾಡಿಕೊಡ್ತಾರೆ. ಇಲ್ಲಿ ಒಂಬತ್ತೈತೆ. ಈ ತಿಂಗ್ಳು ಕಳೆದ್ರೆ ನಿಮ್ ಮಗೀದು ಮೂರು ವರ್ಷ ದಾಟ್ತೈತೆ. ಎಂಟಕ್ಕಿಳೀತೈತೆ."

"ಹಳೇದಾಗೋಯ್ತಾ ನಮ್ ಮಗು?"

ಅವನು ಅಂಗೈಯ ಕಾಳನ್ನು ಗಾಡಿಯ ಅಂಚಿಗಿಟ್ಟ.

"ಹೆಲ್ಮೆಟ್ ಇಲ್ದೋರ್ನ ಹಿಡಿಯಾಕೆ ದಿನಾ ಬತ್ತೀರಿ. ಮಕ್ಳು ತೂರ್ಕಂಡು ಹೋಗಾಕೆ ಒಂದು ಬಿಲ ತೋಡ್ಸಾಕೆ ಆಗಲ್ವಾ ನಿಮ್ ಕೈಲಿ?"

"ಬರೆಯೋದಷ್ಟೇ ಕಣಮ್ಮ ನನ್ ಕೆಲ್ಸ. ತೋಡೋರು ಬ್ಯಾರೆ."

"ಬುಡೇ, ಆವಯ್ಯನ್ನ ಯಾಕ್ ತಿಂತೀಯ," ಎಂದು ಗಂಗಯ್ಯ ಹೆಂಡತಿಯನ್ನು ಗದರಿಸಿ, ನಾಗಲಿಂಗಯ್ಯನ ಕೈಗೆ ಇನ್ನೊಂದು ಹಿಡಿ ಬಿಸಿ ಕಡಲೆಕಾಯಿ ಹಾಕಿದ.

ಅಂದು ಸಂಜೆ ಮುದ್ದೆ ಮುರಿಯುತ್ತ ಗಂಗಯ್ಯ ಒಬ್ಬನೇ ನಕ್ಕ. ಏನೆಂದು ಕೇಳಿದರೆ, "ನಾನೇನಾರ ಸತ್ರೆ ಗೇಟಿನಾಗೇ ಸಾಯ್ಬೇಕು ಕಣೆ. ಲೆಕ್ಕಕ್ಕಾದ್ರೂ ಸೇರ್ತೀನಿ. ಮನೇಲಿ ಸತ್ರೆ ದಂಡ," ಎಂದ.

"ನಿನ್ ಬಾಯಿಗೆ ಮಣ್ಣಾಕ. ಸುಮ್ನೆ ಉಣ್ಣು," ಎಂದಳು ಈಶ್ವರಮ್ಮ. ಆದರೆ ಅವಳ ಕಣ್ಣು ಅವನ ಕತ್ತಿನ ಮೂಳೆಯ ಮೇಲೆ ನಿಂತಿತು. ಮಳೆಗಾಲದಿಂದ ಈಚೆಗೆ ಅವನು ಇಳಿಯುತ್ತಿದ್ದ. ಎದೆ ಹಿಡಿದುಕೊಳ್ಳುತ್ತದೆ ಎಂದು ನಡುನಡುವೆ ಗಾಡಿಯ ಹಿಡಿಗೆ ಒರಗಿ ನಿಲ್ಲುತ್ತಿದ್ದ. ಶೃತಿಯ ತಂಗಿ ಭವ್ಯ ಈಗ ಅದೇ ಶಾಲೆಗೆ ಅದೇ ರಸ್ತೆ ದಾಟಿ ಹೋಗುತ್ತಿದ್ದಳು. ಇವನೂ ಇಲ್ಲವಾದರೆ ಆ ಕೋಲು ಹಿಡಿಯುವವರು ಯಾರು ಎಂಬ ಪ್ರಶ್ನೆ ಈಶ್ವರಮ್ಮನಿಗೆ ರೊಟ್ಟಿ ತಟ್ಟುವಾಗ, ನೀರು ಹೊರುವಾಗ, ಬಟ್ಟೆ ಹಿಂಡುವಾಗ ಬಂದು ಎದುರಿಗೆ ಕೂರುತ್ತಿತ್ತು.

ತಿಂಗಳು ಮುಗಿಯುವ ಮುಂಚಿನ ದಿನ, ಬೆಳಕು ಹರಿಯುವ ಹೊತ್ತಿಗೆ, ಗಂಗಯ್ಯ ಹಿತ್ತಲಿನಲ್ಲಿ ಬಿದ್ದ. ಹಂಡೆಯ ಒಲೆಗೆ ಸೌದೆ ಹಾಕಲು ಹೋದವನು ಎದೆ ಹಿಡಿದುಕೊಂಡು ಮುಗ್ಗರಿಸಿದ. ಹಣೆ ತುಳಸಿಕಟ್ಟೆಯ ಪಕ್ಕದ ಬಟ್ಟೆ ಒಗೆಯುವ ಕಲ್ಲಿಗೆ ಬಡಿಯಿತು. ಈಶ್ವರಮ್ಮ ಓಡಿ ಬಂದು ತಲೆಯನ್ನು ತೊಡೆಯ ಮೇಲೆ ಎತ್ತಿಕೊಂಡಳು. ಅವನು ಅವಳನ್ನು ನೋಡಿದ. ಆಮೇಲೆ ಅವಳ ಹಿಂದಿದ್ದ ಏನನ್ನೋ ನೋಡಿದ. ಆಮೇಲೆ ನೋಡಲಿಲ್ಲ.

ಅವಳು ಕೂಗಲು ಬಾಯಿ ತೆರೆದಳು. ಅಷ್ಟರಲ್ಲಿ ರಸ್ತೆಯ ಕಡೆಯಿಂದ ಲಾರಿಯೊಂದರ ಹಾರನ್ ಮಂಜನ್ನು ಸೀಳಿಕೊಂಡು ಬಂತು. ಬಾಯಿ ಹಾಗೇ ಮುಚ್ಚಿಕೊಂಡಿತು.

ಹಣೆಯಲ್ಲಿ ಗಾಯವಿತ್ತು, ರಕ್ತವಿತ್ತು. ಹೊರಗೆ ಹತ್ತು ಮಾರು ಆಚೆಯದು ಕಾಣದಷ್ಟು ಮಂಜು. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಮಕ್ಕಳ ತಾಯಿ, ಮಗಳು ಯಶೋದ, ಭವ್ಯಳನ್ನು ಕಟ್ಟಿಕೊಂಡು ಹಿಂದಿನ ಬೀದಿಯಲ್ಲಿದ್ದಳು. ಗಂಗಯ್ಯ ನಿನ್ನೆ ಸತ್ತಿದ್ದರೆ ಮಂಜು ಇರುತ್ತಿರಲಿಲ್ಲ. ನಾಡಿದ್ದು ಸತ್ತಿದ್ದರೆ ಶೃತಿ ಲೆಕ್ಕದಲ್ಲಿರುತ್ತಿರಲಿಲ್ಲ. ಬದುಕಿರುವವರೆಗೆ ಯಾವ ಕೆಲಸವನ್ನೂ ಹೊತ್ತಿಗೆ ಸರಿಯಾಗಿ ಮಾಡದಿದ್ದ ಮನುಷ್ಯ ಇದೊಂದನ್ನು ಮಾತ್ರ ಸರಿಯಾದ ಹೊತ್ತಿಗೆ ಮಾಡಿದ್ದ.

ಈಶ್ವರಮ್ಮನ ತಲೆ ತಿಳಿನೀರಿನಂತಾಯಿತು. ಮೂರು ವರ್ಷದಿಂದ ಆ ಗೇಟಿನಲ್ಲಿ ಒಂಬತ್ತು ಸಲ ನಿಂತು ನೋಡಿದ್ದಳು. ಪೊಲೀಸರು ಮೊದಲು ಏನು ನೋಡುತ್ತಾರೆ, ಯಾವುದನ್ನು ನೋಡಿ ಸಾಕೆನ್ನುತ್ತಾರೆ ಎಂಬುದು ಅವಳಿಗೆ ಬಾಯಿಪಾಠ. ಗುದ್ದಿಸಿಕೊಂಡವನ ಚಪ್ಪಲಿ ಕಾಲಲ್ಲಿ ಉಳಿಯುವುದಿಲ್ಲ, ಒಂದು ಇಲ್ಲಿ ಒಂದು ಅಲ್ಲಿ ಬಿದ್ದಿರುತ್ತದೆ. ದೀಪದ ಗಾಜು ಚೂರಾಗಿರುತ್ತದೆ. ಮುದುಕನ ತಲೆಗೆ ಪೆಟ್ಟಾಗಿದ್ದರೆ ಡಾಕ್ಟರು ಅದಕ್ಕಿಂತ ಒಳಗೆ ಹೋಗುವುದಿಲ್ಲ. ಗುದ್ದಿದವನು ಸಿಗದಿದ್ದರೆ 'ಅಪರಿಚಿತ ವಾಹನ' ಎಂದು ಬರೆಯುತ್ತಾರೆ. ಅಪರಿಚಿತ ವಾಹನಕ್ಕೆ ಹೆಂಡತಿ ಮಕ್ಕಳಿರುವುದಿಲ್ಲ, ಜೈಲಿರುವುದಿಲ್ಲ. ಅವಳಿಗೆ ಮುಖ್ಯವಾಗಿ ಬೇಕಾಗಿದ್ದುದು ಅದು. ಯಾವ ತಾಯಿಯ ಮಗನೂ ಇದಕ್ಕೆ ಸಿಕ್ಕಿಕೊಳ್ಳಬಾರದು.

ನೀರಿನ ಕೊಡ ತರುವ ಗಾಡಿ ಗೋಡೆಗೆ ಒರಗಿತ್ತು. ನೆಲಕ್ಕೆ ಹತ್ತಿದಂತಿರುವ ಆ ತಗ್ಗು ಗಾಡಿ ಊರಿನಲ್ಲಿ ಮನೆಗೊಂದಿದೆ. ಬೆಳಗಾಗುವ ಮುಂಚೆ ಹೆಂಗಸೊಬ್ಬಳು ಅದನ್ನು ತಳ್ಳಿಕೊಂಡು ರಸ್ತೆಯ ಕಡೆ ಹೋದರೆ ನಾಯಿಯೂ ತಲೆ ಎತ್ತುವುದಿಲ್ಲ. ಅವನನ್ನು ಮಗ್ಗುಲಾಗಿ ಮಡಿಸಿ ಮಲಗಿಸಿದಳು. ಎಷ್ಟು ಹಗುರ! ತುಂಬಿದ ಕೊಡಗಳು ಇದಕ್ಕಿಂತ ಭಾರ. ಮೇಲೆ ಗೋಣಿತಾಟು ಹೊದಿಸಿದಳು. ಕಲ್ಲಿನ ಮೇಲಿನ ರಕ್ತಕ್ಕೆ ನೀರು ಹೊಯ್ದು, ಬೂದಿ ಹಾಕಿ ಉಜ್ಜಿ, ಮತ್ತೆ ನೀರು ಹೊಯ್ದಳು. ಸೀರೆ ಬದಲಿಸಿದಳು. ಕೆಂಪು ಟವೆಲ್ಲಿನ ಕೋಲನ್ನೂ ಗಾಡಿಗೆ ಹಾಕಿಕೊಂಡಳು. ಅದಿಲ್ಲದೆ ಗಂಗಯ್ಯ ಗೇಟಿಗೆ ಹೋಗುತ್ತಿರಲಿಲ್ಲ ಎಂಬುದು ಊರಿಗೇ ಗೊತ್ತು.

ಸತ್ತವನಿಗೆ ಮಾಡುವುದನ್ನು ಮಾಡದೆ ಇರುವುದೇ ಎಲ್ಲಕ್ಕಿಂತ ಕಷ್ಟದ ಕೆಲಸವಾಯಿತು. ಕಣ್ಣು ಮುಚ್ಚಿಸಲು ಹೋದ ಕೈಯನ್ನು ಹಿಂದಕ್ಕೆಳೆದುಕೊಂಡಳು. ಕಾಲಿನ ಹೆಬ್ಬೆರಳು ಕಟ್ಟಲಿಲ್ಲ. ತಲೆಯ ಹತ್ತಿರ ದೀಪ ಹಚ್ಚಲಿಲ್ಲ. ಅಳಲಿಲ್ಲ. "ಸ್ವಲ್ಪ ತಡ್ಕಳಯ್ಯ, ಎಲ್ಲಾ ಆಮ್ಯಾಕೆ ಮಾಡ್ತೀನಿ," ಎಂದು ಗೋಣಿತಾಟಿಗೆ ಹೇಳಿದಳು. ಮದುವೆಯಾದಾಗಿನಿಂದ ಅವನಿಗೆ ಅವಳು ಅತಿ ಹೆಚ್ಚು ಸಲ ಹೇಳಿದ ಮಾತು ಅದೇ ಇರಬೇಕು, ಸ್ವಲ್ಪ ತಡ್ಕಳಯ್ಯ.

ಗೇಟಿನಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಬಿಳಿ ಗೆರೆಯ ಈಚೆಗೆ, ಮಣ್ಣಿನ ಅಂಚಿನಲ್ಲಿ ಅವನನ್ನು ಇಳಿಸಿದಳು. ಗೆರೆಯ ಆಚೆ ಹಾಕಿದರೆ ಬೈಕಿನವನ್ಯಾರಾದರೂ ಎಡವಿ ಬಿದ್ದಾನು. ಮುಖ ಶಾಲೆಯ ಕಡೆಗಿತ್ತು. ಒಂದು ಚಪ್ಪಲಿಯನ್ನು ಡಾಂಬರಿನ ಮೇಲೆ ಎಸೆದಳು, ಇನ್ನೊಂದನ್ನು ಚರಂಡಿಗೆ. ಗಾಜನ್ನು ಮನೆಯಿಂದ ತರಬೇಕಾಗಿರಲಿಲ್ಲ. ಹಿಂದಿನ ಒಂಬತ್ತು ಸಾವುಗಳ ಗಾಜು ಆ ಮಣ್ಣಿನಲ್ಲೇ ಇತ್ತು. ಬೆರಳಿನಿಂದ ಕೆದಕಿ ಹಿಡಿಯಷ್ಟು ಎತ್ತಿ ಅವನ ಸುತ್ತ ಚೆಲ್ಲಿದಳು. ಅದರಲ್ಲಿ ಶೃತಿಯದು ಯಾವುದೋ ಎಂದು ಒಂದು ಗಳಿಗೆ ಮನಸ್ಸು ಹೋಯಿತು. ಎಳೆದು ತಂದಳು. ಖಾಲಿ ಗಾಡಿ ತಳ್ಳಿಕೊಂಡು ಮನೆಗೆ ಬಂದು, ಒಲೆ ಹಚ್ಚಿ, ಇಬ್ಬರಿಗೂ ಆಗುವಷ್ಟು ಕಾಫಿಗೆ ನೀರಿಟ್ಟಳು. ಯಾರಾದರೂ ಬಂದು ನೋಡಿದರೆ ಎರಡು ಲೋಟ ಇರಬೇಕು.

ಬಂದವಳು ಯಶೋದ. ಅವಳ ಕೂಗು ಬೀದಿಯ ತುದಿಯಿಂದಲೇ ಕೇಳಿಸಿತು. "ಅವ್ವಾ, ಅಪ್ಪ... ಗೇಟಿನಾಗೆ ಅಪ್ಪ ಬಿದ್ದವ್ನೆ ಕಣವ್ವಾ!"

ಈಶ್ವರಮ್ಮ ಆಗ ಅತ್ತಳು. ಅತ್ತಂತೆ ಮಾಡುವುದು ಹೇಗೆಂದು ಯೋಚಿಸಿಟ್ಟುಕೊಂಡಿದ್ದಳು. ಅದರ ಅಗತ್ಯವೇ ಬೀಳಲಿಲ್ಲ.

ಹೆಣವನ್ನು ಮೊದಲು ಕಂಡದ್ದು ಗಸ್ತಿನ ಜೀಪಿನವರೇ. ನಾಗಲಿಂಗಯ್ಯ ಸುತ್ತ ಹಗ್ಗ ಎಳೆಸಿ, ಮೈಮೇಲೆ ಬಿಳಿ ಬಟ್ಟೆ ಹೊದಿಸಿ, ಒಬ್ಬರನ್ನೂ ಹತ್ತಿರ ಬಿಟ್ಟಿರಲಿಲ್ಲ. ಹಗ್ಗದೊಳಗೆ ನುಗ್ಗಲು ಹೋದ ಯಶೋದಳನ್ನು ಅವನೇ ತಡೆದ. "ಬ್ಯಾಡ ಕಣಮ್ಮ, ಮುಟ್ಬಾರ್ದು. ಪೋಸ್ಟ್‌ಮಾರ್ಟಮ್ ಆಗ್ಲಿ."

ಈಶ್ವರಮ್ಮ ಹಗ್ಗದ ಈಚೆಯೇ ಕೂತಳು. ಅದು ಒಳ್ಳೆಯದೇ ಆಯಿತು. ಹತ್ತಿರ ಬಿಟ್ಟಿದ್ದರೆ ಕಣ್ಣು ಮುಚ್ಚಿಬಿಡುತ್ತಿದ್ದಳೇನೋ.

ನಾಗಲಿಂಗಯ್ಯ ಚಪ್ಪಲಿ ನೋಡಿದ. ಗಾಜು ನೋಡಿದ. ಕೆಂಪು ಟವೆಲ್ಲಿನ ಕೋಲನ್ನು ಎತ್ತಿ, ಎಲ್ಲಿಡಬೇಕೆಂದು ತಿಳಿಯದೆ, ಜೀಪಿಗೆ ಆನಿಸಿ ನಿಲ್ಲಿಸಿದ. ಆಮೇಲೆ ಅವಳ ಮುಂದೆ ಕುಕ್ಕರುಗಾಲಿನಲ್ಲಿ ಕೂತ. ಅವನ ಕಣ್ಣು ಕೆಂಪಾಗಿತ್ತು.

"ಮಂಜಿನಾಗೆ ಯಾವನೋ ಗುದ್ದಿ ಹೋಗವ್ನೆ ಕಣಮ್ಮ. ಇಷ್ಟೊತ್ತಿಗ್ಯಾಕೆ ಬಂದಿದ್ರು ಗಂಗಣ್ಣ?"

"ನಿದ್ದೆ ಬರ್ತಿರ್ಲಿಲ್ಲ ಸಾ ಆವಯ್ಯಂಗೆ," ಎಂದಳು. ಅದು ಸುಳ್ಳಲ್ಲ. "ಎದ್ದು ಇಲ್ಲಿಗೆ ಬತ್ತಿದ್ದ."

ಅವನು ಎದ್ದು ದೂರ ಹೋಗಿ ಫೋನು ಕಿವಿಗಿಟ್ಟುಕೊಂಡ. ಗಾಳಿಗೆ ಮಾತು ಇತ್ತಲೇ ಬಂತು. "ಹೌದು ಸಾರ್, ಹುಣಸೆಕಟ್ಟೆ ಗೇಟು. ಅಪರಿಚಿತ ವಾಹನ. ಇಲ್ಲ ಸಾರ್, ಈ ತಿಂಗಳಿಗೇ ಸೇರುತ್ತೆ. ಹತ್ತಾಯ್ತು ಸಾರ್."

ಹತ್ತಾಯ್ತು. ಈಶ್ವರಮ್ಮ ಮಂಡಿಯ ಮೇಲೆ ಹಣೆಯಿಟ್ಟಳು. ಅವಳ ಕಣ್ಣ ಮುಂದೆ ರಸ್ತೆಯ ಕೆಳಗೊಂದು ದಾರಿ ತೆರೆಯಿತು. ಮೇಲೆ ಲಾರಿಗಳು ಗುಡುಗುತ್ತ ಹೋಗುತ್ತಿದ್ದವು. ಕೆಳಗೆ ತಣ್ಣಗಿನ ನೆರಳಿನಲ್ಲಿ ಭವ್ಯ ಕೂಗಿ ಕೂಗಿ ತನ್ನ ದನಿಯ ಮಾರ್ದನಿ ಕೇಳುತ್ತ ನಡೆಯುತ್ತಿದ್ದಳು. ಮಕ್ಕಳು ಅಂಥ ಕಡೆ ಸುಮ್ಮನೆ ನಡೆಯುವುದಿಲ್ಲ, ಕೂಗಿಯೇ ಕೂಗುತ್ತಾರೆ. ಗಂಗಯ್ಯನ ಹೆಸರನ್ನು ಅಲ್ಲಿ ಯಾರೂ ಬರೆಯುವುದಿಲ್ಲ. ಬೇಡ. ಅವನು ಹೊಲಕ್ಕೆ ತೋಡಿದ ಕಾಲುವೆಗಳ ಮೇಲೂ ಹೆಸರಿರಲಿಲ್ಲ.

ಶಿರಾದ ಆಸ್ಪತ್ರೆಯ ಹಿಂದಿನ ಶವಾಗಾರದ ಮುಂದೆ ಬೇವಿನ ಮರವಿತ್ತು. ಈಶ್ವರಮ್ಮ ಅದರ ಕಟ್ಟೆಯ ಮೇಲೆ ಕೂತಳು. ಮಗಳು ತೋಳಿಗೆ ಒರಗಿ ಬಿಕ್ಕುತ್ತಿದ್ದಳು. ಒಳಗೆ ಅವನನ್ನು ಕೊಯ್ಯುತ್ತಿದ್ದಾರೆ ಎಂಬುದನ್ನು ಮನಸ್ಸಿಗೆ ಬರಗೊಡದೆ, ಮಾಡಿದ್ದನ್ನೆಲ್ಲ ಮೊದಲಿನಿಂದ ಇನ್ನೊಮ್ಮೆ ನಡೆದು ನೋಡಿದಳು. ಕಲ್ಲು ತೊಳೆದಿದೆ. ಗಾಡಿ ಗೋಡೆಗೆ ಒರಗಿದೆ. ಗೋಣಿತಾಟು ಒಲೆಗೆ ಹೋಗಿದೆ. ಸೀರೆ ನೆನೆಹಾಕಿದೆ. ಕಣ್ಣು ತೆರೆದಿತ್ತು, ಹೆಬ್ಬೆರಳು ಬಿಚ್ಚಿತ್ತು. ಎಲ್ಲಿಯೂ ಒಂದೆಳೆ ಸಡಿಲವಿರಲಿಲ್ಲ. ಇನ್ನು ಅವನನ್ನು ಮನೆಗೆ ಒಯ್ದು, ತಲೆಗೆ ನೀರು ಹಾಕಿ, ತಡ್ಕೊ ಎಂದಿದ್ದೆಲ್ಲವನ್ನೂ ಒಂದೊಂದಾಗಿ ಮಾಡಬಹುದು.

"ಅಳ್ಬ್ಯಾಡ ಕಣವ್ವ," ಎಂದಳು ಮಗಳಿಗೆ, ಅವಳ ಕೂದಲು ಸರಿಮಾಡುತ್ತ. "ನಿಮ್ಮಪ್ಪ ಸುಮ್ನೆ ಹೋಗಿಲ್ಲ."

ನಾಗಲಿಂಗಯ್ಯ ಒಳಗಿನಿಂದ ಬಂದು ಯಶೋದಳನ್ನು ಟೀ ತರಲು ಕಳಿಸಿದ. ಅವಳು ಆಸ್ಪತ್ರೆಯ ಗೇಟು ದಾಟುವವರೆಗೂ ನೋಡಿದ. ಆಮೇಲೆ ಕಟ್ಟೆಯ ಮೇಲೆ ಈಶ್ವರಮ್ಮನ ಪಕ್ಕದಲ್ಲಿ ಕೂತು ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ. "ಆ ಜಾಗದಾಗೆ ಗಂಗಣ್ಣನ್ನ ಮೊದ್ಲು ಕಂಡೋನು ನಾನು ಕಣಮ್ಮ. ನಾನು ಕಂಡ್ಮ್ಯಾಲೆ ಒಬ್ರನ್ನೂ ಮುಟ್ಟಾಕೆ ಬುಟ್ಟಿಲ್ಲ," ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಚೆನ್ನಾಗಿತ್ತು. ಮಡಿಸಿದ ಹತ್ತಿಯ ಚೂರೊಂದನ್ನು ಅಂಗೈಯಲ್ಲಿ ಬಿಚ್ಚಿದ. "ಡಾಕ್ಟ್ರು ಇದನ್ನ ನಾಲಿಗೆ ಮ್ಯಾಲಿಂದ ತೆಗೆದ್ರು. ಹತ್ತು ಅಂತ ಹೇಳ್ಬುಟ್ಟಿದ್ದೆ. ಈಗ ಹೆಂಗಮ್ಮ ಹೇಳ್ಲಿ?" ಈಶ್ವರಮ್ಮ ಬಗ್ಗಿ ನೋಡಿದಳು. ಬೆಳಿಗ್ಗೆ, ಯೋಚನೆಯಿನ್ನೂ ಹುಟ್ಟಿರಲಿಲ್ಲ, ಲಾರಿಯ ಹಾರನ್ನಿನ್ನೂ ಕೇಳಿರಲಿಲ್ಲ. ತೊಡೆಯ ಮೇಲಿನ ತಲೆ ಇನ್ನೂ ಉಸಿರಾಡುತ್ತಿದ್ದ ಆ ಗಳಿಗೆಯಲ್ಲಿ, ಅವಳನ್ನು ಕೇಳದೆಯೇ ಅವಳ ಕೈ ಹಿತ್ತಲ ಕಟ್ಟೆಯ ಕಡೆ ಚಾಚಿತ್ತು. ಅತ್ತೆ ಸಾಯುವಾಗ, ಮಾವ ಸಾಯುವಾಗ ಮಾಡಿದ್ದನ್ನೇ ಅದು ಮಾಡಿತ್ತು. ಹತ್ತಿಯ ಮೇಲೆ ಎರಡು ತುಳಸಿ ಎಲೆಗಳಿದ್ದವು, ಇನ್ನೂ ಹಸಿರಾಗಿ.